ನೆರೆ ಬಂದರೆ ಬೆಳೆ: ಸೆನೆಗಲ್ ನದಿಯ ಕಥೆ

ನಮ್ಮಲ್ಲಿ ನೆರೆ ಅಂದರೆ ಹಾನಿಯ ಸುದ್ದಿ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ದಂಡೆಯಲ್ಲಿ ಇದು ಉಲ್ಟಾ. ಅಲ್ಲಿ ತಲೆಮಾರುಗಳಿಂದ ರೈತರು ಹೆದರಿದ್ದು ನೆರೆ ಬಾರದ ವರ್ಷಕ್ಕೆ.

ಗಿನಿ ದೇಶದ ಫೂಟಾ ಜಲ್ಲೋನ್ ಬೆಟ್ಟಗಳಲ್ಲಿ ಹುಟ್ಟುವ ಬಫಿಂಗ್ ನದಿ, ಮಾಲಿಯ ಬಫುಲಾಬೆಯಲ್ಲಿ ಬಕೊಯ್ ನದಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದರ ಹೆಸರು ಸೆನೆಗಲ್. ಒಂದು ದಡದಲ್ಲಿ ಮಾರಿಟೇನಿಯಾ, ಇನ್ನೊಂದು ದಡದಲ್ಲಿ ಸೆನೆಗಲ್ ದೇಶ. ಮೂಲದಿಂದ ಲೆಕ್ಕ ಹಾಕಿದರೆ ಸುಮಾರು 1,800 ಕಿ.ಮೀ. ಹರಿದು ಸೇಂಟ್ ಲೂಯಿ ಪಟ್ಟಣದ ಹತ್ತಿರ ಅಟ್ಲಾಂಟಿಕ್ ಸೇರುತ್ತದೆ. ಮಳೆಯೆಲ್ಲ ಮೇಲಿನ ಬೆಟ್ಟಗಳಲ್ಲಿ. ಕೆಳಗಿನ ಕಣಿವೆ ಸಹಾರಾ ಮರುಭೂಮಿಯ ಅಂಚಿನ ಒಣಸೀಮೆ. ಬೆಟ್ಟದ ಮಳೆ ನೆರೆಯಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಕಣಿವೆಗೆ ಇಳಿದು ಬಯಲಿನಲ್ಲಿ ಹರಡಿಕೊಳ್ಳುತ್ತಿತ್ತು.

ಹೀಗೆ ಮುಳುಗುವ ಜಮೀನಿಗೆ ಅಲ್ಲಿಯವರು 'ವಾಲೊ' ಎನ್ನುತ್ತಾರೆ. ಮಳೆಯನ್ನೇ ನಂಬಿದ ಎತ್ತರದ ಜಮೀನು 'ಜೇರಿ'. ನೀರು ಇಳಿಯುತ್ತಾ ಹೋದ ಹಾಗೆ ರೈತರು ಅದರ ಹಿಂದೆಯೇ ಹೋಗಿ ವಾಲೊದಲ್ಲಿ ಜೋಳ ಬಿತ್ತುತ್ತಿದ್ದರು. ನಮ್ಮ ಹಿಂಗಾರಿ ಬಿಳಿಜೋಳದಂತೆ ಮಣ್ಣಿನ ತೇವದಲ್ಲೇ ಬರುವ ಬೆಳೆ ಅದು. ಪಂಪು ಬೇಡ, ಗೊಬ್ಬರವೂ ಬೇಡ, ನೆರೆ ತಂದ ಹೂಳೇ ಸಾಕು. ಕೊಯ್ಲಾದ ಮೇಲೆ ದನಗಾಹಿಗಳು ಕೂಳೆಗೆ ದನ ಬಿಡುತ್ತಿದ್ದರು. ಮುಳುಗಿದ ಬಯಲಿನಲ್ಲಿ ಮೀನು ಮರಿ ಮಾಡುತ್ತಿದ್ದವು. ರೈತ, ದನಗಾಹಿ, ಮೀನುಗಾರ ಮೂವರೂ ಒಂದೇ ಜಾಗವನ್ನು ಸರದಿಯಂತೆ ಬಳಸುತ್ತಿದ್ದರು.

1968ರ ನಂತರ ಸಾಹೇಲ್ ಪ್ರದೇಶಕ್ಕೆ ಭೀಕರ ಬರ ಬಂತು. ನೆರೆ ಕೈಕೊಟ್ಟಿತು. 1972ರಲ್ಲಿ ಮಾಲಿ, ಮಾರಿಟೇನಿಯಾ, ಸೆನೆಗಲ್ ಸೇರಿ ಒಎಂವಿಎಸ್ ಎಂಬ ನದಿ ಸಂಸ್ಥೆ ಕಟ್ಟಿಕೊಂಡವು. ಅಣೆಕಟ್ಟು ಯಾರ ನೆಲದಲ್ಲೇ ಇರಲಿ, ಅದು ಮೂರೂ ದೇಶಗಳ ಜಂಟಿ ಆಸ್ತಿ ಎಂದು 1978ರಲ್ಲಿ ಒಪ್ಪಂದವಾಯಿತು. ನದಿ ನೀರಿಗಾಗಿ ಕೋರ್ಟು ಹತ್ತುವ ನಮಗೆ ಇದು ಸಣ್ಣ ವಿಷಯವಲ್ಲ.

1986ರಲ್ಲಿ ಸಮುದ್ರದ ಹತ್ತಿರ ಡಿಯಾಮಾ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ 200 ಕಿ.ಮೀ.ಗೂ ಹೆಚ್ಚು ಒಳಗೆ ನುಗ್ಗುತ್ತಿದ್ದ ಉಪ್ಪುನೀರನ್ನು ತಡೆಯುವುದು ಅದರ ಕೆಲಸ. 1988ರಲ್ಲಿ ಮಾಲಿಯೊಳಗೆ ಬಫಿಂಗ್ ಮೇಲೆ ಮನಂತಾಲಿ ಅಣೆಕಟ್ಟು ಎದ್ದಿತು. ಅದರ ಸಾಮರ್ಥ್ಯ ಸುಮಾರು 400 ಟಿಎಂಸಿ, ಅಂದರೆ ಎಂಟು ಕೆಆರ್‌ಎಸ್‌ ತುಂಬಿದಷ್ಟು ನೀರು. 3,75,000 ಹೆಕ್ಟೇರಿಗೆ ನೀರಾವರಿ ಒದಗಿಸುವುದು ಗುರಿ. ಕಣಿವೆಯ ರೈತರು ಪಂಪ್ ನೀರಿನ ಭತ್ತಕ್ಕೆ ಹೊಂದಿಕೊಳ್ಳುವವರೆಗೆ ಹತ್ತು ವರ್ಷ ಅಣೆಕಟ್ಟಿನಿಂದ ಕೃತಕ ನೆರೆ ಬಿಡುವುದು, ಆಮೇಲೆ ನಿಲ್ಲಿಸುವುದು ಎಂಬುದು ಯೋಜನೆ.

ಆ ಗುರಿ ಈಗಲೂ ದೂರವೇ ಇದೆ. ಭತ್ತಕ್ಕೆ ಡೀಸೆಲ್, ಗೊಬ್ಬರ, ಸಾಲ ಎಲ್ಲ ಬೇಕು. ಜೋಳಕ್ಕೆ ಬೇಕಾಗಿದ್ದದ್ದು ನೆರೆ ಮತ್ತು ಬೀಜ. ನೀರಾವರಿಯ ಆಸೆಗೆ ಜಮೀನಿನ ಬೆಲೆಯೂ ಏರಿತು. 1983ರಲ್ಲೇ ಮಾರಿಟೇನಿಯಾ ಸರ್ಕಾರ ಸಾಂಪ್ರದಾಯಿಕ ಭೂಹಕ್ಕನ್ನು ಕಾನೂನಿನ ಮೂಲಕ ರದ್ದು ಮಾಡಿತ್ತು. ಹೊರಗಿನ ಪ್ರಭಾವಿಗಳು ನದಿ ದಂಡೆಗೆ ಬಂದರು. 1989ರ ಏಪ್ರಿಲ್‌ನಲ್ಲಿ ದನಗಾಹಿಗಳಿಗೂ ರೈತರಿಗೂ ನಡೆದ ಜಗಳದಲ್ಲಿ ಇಬ್ಬರು ಸತ್ತರು. ಅದು ಎರಡು ದೇಶಗಳ ನಡುವಿನ ಹಿಂಸಾಚಾರವಾಗಿ ಬೆಳೆಯಿತು. ಮಾರಿಟೇನಿಯಾದ ಸುಮಾರು 60,000 ಕಪ್ಪು ಜನರು ನದಿ ದಾಟಿ ನಿರಾಶ್ರಿತರಾದರು. ಇದಕ್ಕೆ ಜನಾಂಗೀಯ ರಾಜಕಾರಣವೂ ಕಾರಣ. ಆದರೆ ಅವರು ಬಿಟ್ಟುಹೋದ ಜಮೀನು ನೀರಾವರಿಗೆ ಗುರುತಾದ ದಂಡೆಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಉಪ್ಪುನೀರು ನಿಂತಿದ್ದರಿಂದ ಇನ್ನೊಂದು ತೊಂದರೆ ಬಂತು. ನಿಂತ ಸಿಹಿನೀರಿನಲ್ಲಿ ಬಸವನಹುಳು ಹೆಚ್ಚಿದವು. ಅವು ಹರಡುವ ಬಿಲ್‌ಹಾರ್ಜಿಯಾ ರೋಗದ ಕರುಳಿನ ಬಗೆ 1988ರಲ್ಲಿ ರಿಷಾರ್ ಟೋಲ್ ಪಟ್ಟಣದಲ್ಲಿ ಮೊದಲು ಕಂಡು, ಕೆಲವೇ ವರ್ಷಗಳಲ್ಲಿ ಸುತ್ತಲ ಊರುಗಳನ್ನು ಹಿಡಿಯಿತು. ಆ ಹುಳುಗಳನ್ನು ತಿನ್ನುವ ಸೀಗಡಿ ಮರಿ ಮಾಡಲು ಅಳಿವೆಯ ಉಪ್ಪುನೀರಿಗೆ ಹೋಗಬೇಕು. ಡಿಯಾಮಾ ಅದರ ದಾರಿಯನ್ನೂ ಮುಚ್ಚಿತ್ತು.

1980ರ ದಶಕದ ಕೊನೆಯಲ್ಲೇ ಮೈಕಲ್ ಹೊರೊವಿಟ್ಜ್ ಮುಂತಾದ ಮಾನವಶಾಸ್ತ್ರಜ್ಞರು ಕಣಿವೆಯಲ್ಲಿ ಅಧ್ಯಯನ ಮಾಡಿ, ಕೃತಕ ನೆರೆಯನ್ನು ಕಾಯಂ ಆಗಿ ಬಿಟ್ಟರೂ ವಿದ್ಯುತ್ ಉತ್ಪಾದಿಸಬಹುದು ಎಂದು ವಾದಿಸಿದ್ದರು. 2001ರಿಂದ ಮನಂತಾಲಿಯ 200 ಮೆಗಾವ್ಯಾಟ್ ಸ್ಥಾವರದ ಕರೆಂಟು ಬಮಾಕೊ, ಡಕಾರ್, ನ್ವಾಕ್ಷೋತ್ ನಗರಗಳಿಗೆ ಹೋಗತೊಡಗಿತು. ಮಾಲಿಗೆ ಶೇ 52, ಸೆನೆಗಲ್‌ಗೆ ಶೇ 33, ಮಾರಿಟೇನಿಯಾಗೆ ಶೇ 15 ಪಾಲು. 2002ರ ಜಲ ಸನ್ನದಿನಲ್ಲಿ, ಅಸಾಧಾರಣ ಪರಿಸ್ಥಿತಿ ಬಿಟ್ಟರೆ ಪ್ರತಿವರ್ಷ ಕೃತಕ ನೆರೆ ಬಿಡಬೇಕೆಂದು ಬರೆಯಲಾಯಿತು. 2006ರಲ್ಲಿ ಗಿನಿಯೂ ಸೇರಿತು.

ಹತ್ತು ವರ್ಷಕ್ಕೆ ಮುಗಿಯಬೇಕಿದ್ದ ನೆರೆ ಹೀಗೆ ಕಾಗದದ ಮೇಲೆ ಹಕ್ಕಾಯಿತು. ಇದು ರೈತರಿಗೆ ಸಿಕ್ಕ ದೊಡ್ಡ ಗೆಲುವೇ. ಆದರೆ ಬಿಟ್ಟ ನೀರು ಬಯಲನ್ನು ಮುಟ್ಟಬೇಕು, ಸರಿಯಾದ ತಿಂಗಳಲ್ಲಿ ಬರಬೇಕು, ನಿಧಾನವಾಗಿ ಇಳಿಯಬೇಕು. ಆಗ ಮಾತ್ರ ಜೋಳ. ಬಿತ್ತಿದ ಮೇಲೆ ಮತ್ತೊಮ್ಮೆ ನೀರು ಏರಿದರೆ ಬೀಜವೂ ಹೋಯಿತು. ಮೂರು ದೇಶಗಳು ಪಾಲಿಗಾಗಿ ಜಗಳವಾಡದೆ ಅಣೆಕಟ್ಟು ಕಟ್ಟಿದ್ದನ್ನು ಜಗತ್ತು ಮೆಚ್ಚಿದೆ. ಗೇಟು ಯಾವಾಗ ತೆರೆಯಬೇಕು ಎಂದು ವಾಲೊದ ರೈತರನ್ನೂ ಕೂರಿಸಿಕೊಂಡು ತೀರ್ಮಾನಿಸಿದರೆ ಆ ಮೆಚ್ಚುಗೆಗೆ ಅರ್ಥ ಬರುತ್ತದೆ.