ಕಡಲಾಚೆಯ ಕಾಗದ: ಒಕ್ಕಣೆ, ವಿಳಾಸ ಮತ್ತು ಸೂತಕದ ಲೆಕ್ಕ

ಪತ್ರವನ್ನು ಜಾನಪದದ ಆಕರವೆಂದು ಒಪ್ಪಿಕೊಳ್ಳಲು ನಮ್ಮ ವಿದ್ವಾಂಸರು ಹಿಂಜರಿದುದಕ್ಕೆ ಕಾರಣ ಸ್ಪಷ್ಟವಾಗಿದೆ. ಅದು ಬರೆಹ; ಜಾನಪದವಾದರೋ ಬಾಯಿಂದ ಬಾಯಿಗೆ ಸಾಗುವಂಥದು. ಆದರೆ ಅಕ್ಷರ ಬಾರದ ತಾಯಿಯೊಬ್ಬಳು ಹೇಳಿ, ನೆರೆಮನೆಯ ಹುಡುಗ ಬರೆದು, ಇನ್ನೊಂದು ದೇಶದಲ್ಲಿ ಒಬ್ಬ ಓದಿ ಕೋಣೆಯ ನಾಲ್ವರು ಕೇಳಿದ ಕಾಗದವನ್ನು ಬರೆಹವೆಂದಷ್ಟೇ ಕರೆದು ಬದಿಗಿಡುವುದು ಸರಿಯಾಗದು. ಕರ್ನಾಟಕದಿಂದ, ಮುಖ್ಯವಾಗಿ ಕರಾವಳಿಯಿಂದ, ಪರದೇಶಕ್ಕೆ ಹೋದ ಕಾಗದಗಳನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಂಥ ಕಾಗದದ ಹೊರಮೈ ಜಗತ್ತಿನ ಕಟ್ಟಳೆಗೆ ಸೇರಿದ್ದು, ಒಳಮೈ ಊರಿನ ಕಟ್ಟಳೆಗೆ ಸೇರಿದ್ದು. ಇವೆರಡರ ನಡುವಿನ ತಿಕ್ಕಾಟದಲ್ಲಿಯೇ ಅದರ ಚರಿತ್ರೆಯಿದೆ.

ಹೊರಗಿನ ಕಟ್ಟಳೆ ರೂಪುಗೊಂಡದ್ದು 1874ರ ಅಕ್ಟೋಬರ್ 9ರಂದು, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಅಲ್ಲಿ 22 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ, ಪತ್ರಗಳ ಮಟ್ಟಿಗೆ ತಮ್ಮ ನೆಲವೆಲ್ಲ ಒಂದೇ ಎಂದು ಘೋಷಿಸಿದವು. ಬ್ರಿಟಿಷ್ ಭಾರತ 1876ರ ಜುಲೈ 1ರಂದು ಈ ಒಕ್ಕೂಟವನ್ನು ಸೇರಿತು. ಮೈಸೂರು ಸಂಸ್ಥಾನದ ಅಂಚೆ ಆಗ ಇನ್ನೂ ಬೇರೆಯಾಗಿಯೇ ಇದ್ದು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಬರ್ನ್ ಒಪ್ಪಂದದ ಒಂದು ಅಂಶ ಜಾನಪದದ ವಿದ್ಯಾರ್ಥಿಗೆ ಕುತೂಹಲಕರವಾದುದು. ಚೀಟಿಯ ಹಣವನ್ನು ಕಳುಹಿಸುವ ದೇಶವೇ ಇಟ್ಟುಕೊಳ್ಳಬೇಕು, ತಲುಪಿಸುವ ದೇಶಕ್ಕೆ ಏನನ್ನೂ ಕೊಡಬೇಕಾಗಿಲ್ಲ. ಏಕೆಂದರೆ, ಹೋದ ಪ್ರತಿಯೊಂದು ಪತ್ರಕ್ಕೂ ಉತ್ತರವೊಂದು ಬರುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ. ಸುಮಾರು ಒಂದು ಶತಮಾನ, 1971ರವರೆಗೆ, ಜಗತ್ತಿನ ಅಂಚೆ ಈ ನಂಬಿಕೆಯ ಮೇಲೆಯೇ ನಡೆಯಿತು. ‘ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆಯುವುದು’ ಎಂದು ನಮ್ಮ ಒಕ್ಕಣೆ ಕೇಳುತ್ತಿದ್ದುದೂ ಇದನ್ನೇ. ರಾಯಭಾರಿಗಳಿಗೂ ಹಳ್ಳಿಯ ಮುದುಕಿಗೂ ಇದ್ದ ಲೋಕಜ್ಞಾನ ಒಂದೇ ಎನ್ನಬೇಕು.

ಆದರೆ ವಿಳಾಸದಲ್ಲಿ ಇಂಥ ಹೊಂದಾಣಿಕೆಯಿರಲಿಲ್ಲ. ವಿದೇಶಕ್ಕೆ ಹೋಗುವ ಪತ್ರದ ವಿಳಾಸ ರೋಮನ್ ಲಿಪಿಯಲ್ಲಿರಬೇಕು, ಅಂಕಿಗಳೂ ಕನ್ನಡದವಾಗಬಾರದು, ಕೊನೆಯ ಸಾಲಿನಲ್ಲಿ ದೇಶದ ಹೆಸರು ದೊಡ್ಡಕ್ಷರದಲ್ಲಿ ಕಾಣಬೇಕು. ಮಂಗಳೂರಿನ ಕಥೋಲಿಕ ಮನೆಯ ಕಾಗದವೊಂದರ ಭಾಷೆ ಕೊಂಕಣಿ, ಲಿಪಿ ಕನ್ನಡ, ವಿಳಾಸ ಇಂಗ್ಲಿಷ್. ಅದರ ಮೇಲೆ ಅಂಟಿಸಿದ ನೀಲಿ ಚೀಟಿಯಲ್ಲಿದ್ದ ‘ಪಾರ್ ಅವಿಯೋಂ’ ಎಂಬ ಮಾತು ಫ್ರೆಂಚ್, ಏಕೆಂದರೆ ಒಕ್ಕೂಟದ ಅಧಿಕೃತ ಭಾಷೆ ಅದು. ಒಳಗಿನದನ್ನು ಬರೆದ ಕೈಯೇ ಹೊರಗಿನದನ್ನೂ ಬರೆಯುತ್ತಿತ್ತು ಎನ್ನುವಂತಿಲ್ಲ. ವಿಳಾಸಕ್ಕಾಗಿ ಶಾಲೆಯ ಮೇಷ್ಟ್ರನ್ನೋ ಪೋಸ್ಟ್‌ಮಾಸ್ಟರರನ್ನೋ ಹುಡುಕಿಕೊಂಡು ಹೋಗಬೇಕಾಗಿತ್ತು. ಕೊಲ್ಲಿಯ ನಾಡುಗಳಲ್ಲಂತೂ ಮನೆಬಾಗಿಲಿಗೆ ಅಂಚೆಯವನು ಬರುವ ಪದ್ಧತಿ ಇರಲಿಲ್ಲ. ಕಂಪನಿಯ ಅಂಚೆಪೆಟ್ಟಿಗೆಯ ಸಂಖ್ಯೆಯೇ ವಿಳಾಸವಾಗಿತ್ತು. ಊರಿನಲ್ಲಿ ಮನೆಯ ಹೆಸರಿನಿಂದ ಗುರುತಿಸಲ್ಪಡುತ್ತಿದ್ದ ಮಗ ಅಲ್ಲಿ ಒಂದು ಸಂಖ್ಯೆಯ ಆಶ್ರಯದಲ್ಲಿದ್ದ.

ಕೊಲ್ಲಿಯನ್ನು ‘ಪರದೇಶ’ವೆನ್ನುವುದೂ ಅಂಚೆಯ ಮಟ್ಟಿಗೆ ಇತ್ತೀಚಿನ ಮಾತು. ಭಾರತದ ಅಂಚೆಯು ಮಸ್ಕತ್‌ನಲ್ಲಿ 1864ರಲ್ಲಿ, ಬಹ್ರೈನ್‌ನಲ್ಲಿ 1884ರಲ್ಲಿ, ದುಬೈಯಲ್ಲಿ 1909ರಲ್ಲಿ ಕಚೇರಿಗಳನ್ನು ತೆರೆದಿತ್ತು. ಅಲ್ಲಿ ಮಾರಾಟವಾಗುತ್ತಿದ್ದುದು ಭಾರತದ ಅಂಚೆಚೀಟಿಗಳೇ. ದೇಶವಿಭಜನೆಯ ಬಳಿಕ ಮಸ್ಕತ್, ದುಬೈ ಕಚೇರಿಗಳು ಕೆಲವು ತಿಂಗಳು ಪಾಕಿಸ್ತಾನದ ಕೈಯಲ್ಲಿದ್ದು, 1948ರ ಏಪ್ರಿಲ್ 1ರಂದು ಬ್ರಿಟಿಷ್ ಅಂಚೆಗೆ ಸೇರಿದವು. 1973ರ ಬಳಿಕ ತೈಲದ ಹಣ ಹರಿದು ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗುವ ವೇಳೆಗೆ ಅದು ಪೂರ್ಣವಾಗಿ ಪರದೇಶವಾಗಿತ್ತು.

ಇನ್ನು ಸಾವಿನ ಕಾಗದದ ವಿಚಾರ. ಪರದೇಶದಲ್ಲಿರುವ ಬಂಧುವಿನ ಮರಣವಾರ್ತೆಯನ್ನು ಹತ್ತು ದಿನದೊಳಗೆ ಕೇಳಿದರೆ ಉಳಿದ ದಿನಗಳಷ್ಟೇ ಸೂತಕ, ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ಸ್ನಾನಮಾತ್ರದಿಂದ ಶುದ್ಧಿ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯ ಹೇಳುತ್ತದೆ. ಸಮುದಾಯದಿಂದ ಸಮುದಾಯಕ್ಕೆ ಆಚರಣೆ ಭಿನ್ನವಾಗಿದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಈ ಲೆಕ್ಕವೇ ಇಲ್ಲ. ಆದರೂ ಇದನ್ನು ಪಾಲಿಸುವವರ ಮಟ್ಟಿಗೆ ಸೂತಕದ ಅವಧಿಯನ್ನು ನಿರ್ಧರಿಸುತ್ತಿದ್ದುದು ಅಂಚೆಯ ವೇಗ. ಸೂಯೆಜ್ ಕಾಲುವೆಯ ಮಾರ್ಗವಾಗಿ ಉಗಿಹಡಗಿನಲ್ಲಿ ಹೋದ ಕಾಗದ ಮುಂಬಯಿಯಿಂದ ಲಂಡನ್ನಿಗೆ ಮುಟ್ಟಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ, ಸುಮಾರು ಎರಡು ವಾರ ಹಿಡಿಯುತ್ತಿತ್ತು. ಓದಲು ಹೋದ ಮಗನಿಗೆ ಕಾಗದದ ಮೂಲಕ ಬಂಧುವೊಬ್ಬರ ಸಾವು ತಿಳಿದರೆ ಅವನ ಪಾಲಿಗೆ ಮೂರು ರಾತ್ರಿಯ ಸೂತಕವೇ ಗತಿ. ತಂತಿ 1870ರಿಂದಲೇ ಸಮುದ್ರ ದಾಟುತ್ತಿತ್ತು, ನಿಜ. ಆದರೆ ಒಂದೊಂದು ಮಾತಿಗೂ ಹಣ ತೆರಬೇಕಾದ ಅದು ಎಲ್ಲರಿಗೂ ಎಟುಕುವಂಥದಾಗಿರಲಿಲ್ಲ. ಲಂಡನ್-ಕರಾಚಿ ವಿಮಾನಸೇವೆ 1929ರಲ್ಲಿ ಆರಂಭವಾಗಿ ಆ ದಾರಿ ಸುಮಾರು ಏಳು ದಿನಕ್ಕೆ ಇಳಿಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ವಾರದ ವಿಮಾನ ತಪ್ಪದಿದ್ದರೆ ಬಳ್ಳಾರಿಯ ಕಾಗದವೊಂದು ಹತ್ತು ದಿನದೊಳಗೆ ಲಂಡನ್ ಮುಟ್ಟುವುದು ಆಗ ಸಾಧ್ಯವಾಯಿತು. ವಾಯುಯಾನದ ಚರಿತ್ರೆಯನ್ನು ಬರೆದವರು ಇದನ್ನು ಗಮನಿಸಬೇಕಾಗಿರಲಿಲ್ಲ. ನಾವು ಗಮನಿಸಬೇಕಾಗಿತ್ತು.

ಸಾಮಾನ್ಯರ ಕೈಗೆ ವಿಮಾನದಂಚೆಯನ್ನು ತಂದದ್ದು ಏರೋಗ್ರಾಮ್. ಮಡಿಸಿ ಅಂಟಿಸಿದರೆ ತಾನೇ ಲಕೋಟೆಯಾಗುವ ಈ ತೆಳುಹಾಳೆ ಮೊದಲು ಬಳಕೆಗೆ ಬಂದದ್ದು 1933ರಲ್ಲಿ, ಇರಾಕಿನಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ ಅದರ ಹೆಸರನ್ನು ಅಂಗೀಕರಿಸಿದ್ದು 1952ರಲ್ಲಿ. ಅಗ್ಗದ ಈ ಸೌಲಭ್ಯಕ್ಕೆ ಒಂದು ಷರತ್ತಿತ್ತು: ಒಳಗೆ ಏನನ್ನೂ ಇಡುವಂತಿಲ್ಲ. ದೇವಸ್ಥಾನದ ಪ್ರಸಾದದ ಹೂವಿನ ಎಸಳು, ಕುಂಕುಮದ ಪೊಟ್ಟಣ ಇಲ್ಲದ ಕಾಗದವನ್ನು ಮಗನಿಗೆ ಕಳುಹಿಸುವುದೆಂತು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಕುಂದಾಪುರದ ಕಡೆ ಕ್ಷೇತ್ರಕಾರ್ಯದಲ್ಲಿ. ಕೊಲ್ಲಿಯಿಂದ ಮರಳಿದ ಹಿರಿಯರೊಬ್ಬರು ಊರಿನಿಂದ ತಮಗೆ ಬರುತ್ತಿದ್ದ ಏರೋಗ್ರಾಮ್‌ಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಮದುವೆ, ನಾಮಕರಣದ ಸುದ್ದಿಯಿರುವ ಕಾಗದಗಳ ಒಳಮೂಲೆಗಳಲ್ಲಿ ಅರಸಿನದ ಕಲೆಯಿತ್ತು. ಇಡುವಂತಿಲ್ಲ ಎಂದ ಮೇಲೆ ತಾಯಿ ಬೆರಳಿನಿಂದ ತೇಯ್ದಿದ್ದಳು. ‘ಶ್ರೀ’ಯಿಂದ, ‘ಉಭಯ ಕುಶಲೋಪರಿ’ಯಿಂದ ತೊಡಗಿ, ಮಡಿಕೆಯ ಅಂಚುಗಳಲ್ಲಿ ತಂಗಿ ತಮ್ಮಂದಿರ ಕೈಬರೆಹ ತುಂಬಿ, ಅಂಟು ಹಚ್ಚುವ ಜಾಗವನ್ನಷ್ಟೇ ಖಾಲಿ ಬಿಟ್ಟ ಕಾಗದಗಳವು. ತಾರೀಖಿನ ಪ್ರಕಾರ ಜೋಡಿಸಿದಾಗ ಒಂದೆಡೆ ಸುಮಾರು ಎರಡು ತಿಂಗಳ ಅಂತರ ಕಂಡಿತು. ಅದರ ಮುಂದಿನ ಕಾಗದದಲ್ಲಿ ಅಪ್ಪನ ಉತ್ತರಕ್ರಿಯೆಗೆ ಮಾಡಿದ ಸಾಲಕ್ಕೆಂದು ಕಳುಹಿಸಿದ ಹಣ ಮುಟ್ಟಿತೆಂದು ಬರೆದಿತ್ತು. ನಡುವಿನ ಕಾಗದವೆಲ್ಲಿ ಎಂದು ಕೇಳಿದೆ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದುಹಾಕಬೇಕಲ್ಲವೇ, ಅದನ್ನು ಕೋಣೆಯ ಹೊರಗೆ ನಿಂತು ಓದಿ ಅಲ್ಲಿಯೇ ಹರಿದೆ, ಆಮೇಲೆ ನಲ್ಲಿಯ ಕೆಳಗೆ ತಲೆಯೊಡ್ಡಿ ಸ್ನಾನ ಮಾಡಿ ಪಾಳಿಗೆ ಹೋದೆ ಎಂದು ಅವರು ಹೇಳಿದರು.