ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆಯೇ? ಮಳೆಗಾಲದಲ್ಲಿ ಕೋಳಿಗಳ ವರ್ತನೆ ತಿಳಿಯಿರಿ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾದರೆ ಕೋಳಿ ಸಾಕುವ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ಕೋಳಿ ಮಳೆಯಲ್ಲಿ ನೆನೆಯುತ್ತಲೇ ಮೇಯುತ್ತಿದ್ದರೆ ಆ ಮಳೆ ಬೇಗ ಬಿಡುವುದಿಲ್ಲ. ಇನ್ನೊಂದು, ಗುಡುಗಿನ ಸದ್ದಿಗೆ ಕಾವಿನ ಮೊಟ್ಟೆ ಕೆಡುತ್ತದೆ, ಬುಟ್ಟಿಯಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಉಳಿಯುತ್ತದೆ. ಇವುಗಳಲ್ಲಿ ಎಷ್ಟು ನಿಜ? ನೋಡೋಣ.

ಮಳೆ ಬಂದರೂ ಕೋಳಿ ಯಾಕೆ ಮೇಯುತ್ತದೆ?

ಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ. ಅದು ಕೊಕ್ಕಿನಿಂದ ಆ ಎಣ್ಣೆಯನ್ನು ಪುಕ್ಕಗಳಿಗೆ ಸವರಿಕೊಳ್ಳುತ್ತದೆ. ಹಾಗಾಗಿ ತುಂತುರು ಮಳೆಯ ನೀರು ಮೈಮೇಲಿಂದ ಜಾರಿಹೋಗುತ್ತದೆ. ಜೊತೆಗೆ ಮಣ್ಣು ಒದ್ದೆಯಾದಾಗ ಎರೆಹುಳ ಮೇಲೆ ಬರುತ್ತವೆ. ಕೋಳಿಗೆ ಅದು ಸುಲಭದ ಊಟ. ಅಂದರೆ ಅದು ನೋಡುತ್ತಿರುವುದು ಹುಳವನ್ನು, ಹವಾಮಾನವನ್ನಲ್ಲ. ಮಳೆ ಎಷ್ಟು ಹೊತ್ತು ಸುರಿಯುತ್ತದೆ ಎಂದು ಕೋಳಿಯನ್ನು ನೋಡಿ ಹೇಳಲು ಆಗುವುದಿಲ್ಲ.

ಆದರೆ ಬಾತುಕೋಳಿಯಷ್ಟು ರಕ್ಷಣೆ ಕೋಳಿಗೆ ಇಲ್ಲ. ಜೋರು ಮಳೆಯಲ್ಲಿ ಅದು ಕುತ್ತಿಗೆ ಒಳಗೆಳೆದು, ಬಾಲ ಇಳಿಬಿಟ್ಟು ನಿಲ್ಲುತ್ತದೆ. ನೀರು ಬೆನ್ನ ಮೇಲಿಂದ ಹರಿದುಹೋಗಲಿ ಎಂದು ಈ ಭಂಗಿ. ಪುಕ್ಕ ಪೂರ್ತಿ ನೆಂದರೆ ಅದರೊಳಗಿನ ಗಾಳಿಯ ಪದರ ಹೋಗಿ ಮೈಬಿಸಿ ಇಳಿಯುತ್ತದೆ. ಕೋಳಿಯ ಸಹಜ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ನೆಂದ ಕೋಳಿಗೆ ಗಾಳಿಯೂ ಬಡಿದರೆ ಅಪಾಯ ಹೆಚ್ಚು.

ಬಿರುಗಾಳಿಗೆ ಮುಂಚೆ ಗೂಡು ಸೇರುವುದೇಕೆ?

ಮಬ್ಬು ಬೆಳಕಿನಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾರ್ಮೋಡ ಕವಿದಾಗ ಸಂಜೆಯಾಯಿತು ಎಂಬಂತೆ ಅದು ಗೂಡಿನ ಕಡೆ ಹೋಗುತ್ತದೆ. ದಿಢೀರ್ ಸಿಡಿಲಿನ ಸದ್ದಿಗೆ ಬೆದರಿ ಎಲ್ಲವೂ ಒಂದೇ ಮೂಲೆಗೆ ನುಗ್ಗಿದರೆ, ಕೆಳಗೆ ಸಿಕ್ಕ ಮರಿಗಳು ಉಸಿರುಗಟ್ಟಿ ಸಾಯಬಹುದು.

ಹಾಗಾದರೆ ಮೊಟ್ಟೆ ಕೆಡುವುದೇಕೆ?

ಗುಡುಗಿನ ಸದ್ದು ಮೊಟ್ಟೆಯನ್ನು ಕೆಡಿಸುವುದಿಲ್ಲ. 1958ರಲ್ಲಿ ಅಮೆರಿಕದ ಸಂಶೋಧಕ ಸ್ಟೇಡಲ್‌ಮನ್ ಕಾವಿನ ಮೊಟ್ಟೆಗಳಿಗೆ ಭಾರೀ ಸದ್ದು ಕೇಳಿಸಿ ಪರೀಕ್ಷಿಸಿದಾಗ, ಮರಿಯಾಗುವ ಪ್ರಮಾಣ ಕಡಿಮೆಯಾಗಲಿಲ್ಲ. ಆದರೆ ಕಾವಿಗೆ ಕೂತ ಕೋಳಿಗಳು ಜೋರು ಸದ್ದಿಗೆ ಕಾವು ಬಿಟ್ಟವು. ಸಮಸ್ಯೆ ಇರುವುದು ಇಲ್ಲಿ. ಹೇಂಟೆ ದಿನವೂ ಮೇವಿಗೆಂದು ಸ್ವಲ್ಪ ಹೊತ್ತು ಎದ್ದುಹೋದರೆ ತೊಂದರೆಯಿಲ್ಲ. ಬೆದರಿ ಗಂಟೆಗಟ್ಟಲೆ ಬರದಿದ್ದರೆ ಮೊಟ್ಟೆ ತಣ್ಣಗಾಗಿ ಒಳಗಿನ ಮರಿ ಸಾಯಬಹುದು. ಬುಟ್ಟಿ ಒದ್ದೆಯಾದರೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಬ್ಯಾಕ್ಟೀರಿಯಾ ಒಳಸೇರುತ್ತವೆ. ಇನ್‌ಕ್ಯುಬೇಟರ್ ಬಳಸುವವರಿಗೆ ಕರೆಂಟ್ ಹೋಗುವುದೇ ದೊಡ್ಡ ಕಾರಣ. ಇನ್ನು ಕೆಲವು ಮೊಟ್ಟೆಗಳು ಮೊದಲೇ ಫಲಿತವಾಗಿರುವುದಿಲ್ಲ.

ಮೊಳೆ ಇವ್ಯಾವುದನ್ನೂ ತಡೆಯುವುದಿಲ್ಲ. ಇಟ್ಟರೆ ನಷ್ಟವಿಲ್ಲ ಎನಿಸಬಹುದು. ಆದರೆ ಮೊಳೆ ಇದೆಯಲ್ಲ ಎಂದು ಸೋರುವ ಮಾಡಿನ ಕೆಳಗೇ ಬುಟ್ಟಿ ಬಿಟ್ಟರೆ 21 ದಿನದ ಕಾವು ವ್ಯರ್ಥ. ಹತ್ತು ಮೊಟ್ಟೆ ಹಾಳಾದರೆ ಆ ಮನೆಯ ಮುಂದಿನ ಆರು ತಿಂಗಳ ಆದಾಯಕ್ಕೇ ಪೆಟ್ಟು.

ಏನು ಮಾಡಬೇಕು?

- ಕಾವಿನ ಬುಟ್ಟಿಯನ್ನು ಮನೆಯೊಳಗಿನ ಮಬ್ಬು, ಒಣ ಮೂಲೆಯಲ್ಲಿಡಿ. ನೀರು, ಕಾಳು ಹತ್ತಿರದಲ್ಲೇ ಇರಲಿ.
- ಮರಿಗಳ ನವಿರು ತುಪ್ಪಳ ನೀರು ತಡೆಯುವುದಿಲ್ಲ. ಪುಕ್ಕ ಬರುವವರೆಗೆ ಮಳೆಗೆ ಬಿಡಬೇಡಿ. ಮೊದಲ ವಾರ ಅವುಗಳಿಗೆ 32ರಿಂದ 35 ಡಿಗ್ರಿ ಬಿಸಿ ಬೇಕು.
- ಗೂಡಿನ ನೆಲ ಎತ್ತರದಲ್ಲಿರಲಿ. ಎರಚಲು ತಡೆಯಿರಿ, ಆದರೆ ಗಾಳಿಯಾಡುವ ಜಾಗ ಮುಚ್ಚಬೇಡಿ.
- ಒದ್ದೆಯಾದ ಹೊಟ್ಟು, ಹುಲ್ಲನ್ನು ಕೂಡಲೇ ತೆಗೆಯಿರಿ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿ ಬೆಳೆಯುವುದು ಅಂಥ ತೇವದಲ್ಲೇ.
- ಬೂಷ್ಟು ಹಿಡಿದ ಜೋಳ, ಹಿಂಡಿ ಹಾಕಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು.
- ಹಿಕ್ಕೆಯಲ್ಲಿ ರಕ್ತ ಕಂಡರೆ, ಕೋಳಿ ಮುದುಡಿ ಕೂತರೆ ಪಶುವೈದ್ಯರನ್ನು ಕೇಳಿ. ಪಶು ಸಹಾಯವಾಣಿ ಸಂಖ್ಯೆ 1962.

ನಮ್ಮ ತೀರ್ಮಾನ

ಕೋಳಿ ಮಳೆಯ ಮುನ್ಸೂಚನೆ ಕೊಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗುಡುಗಿನ ಸದ್ದಿಗೆ ಮೊಟ್ಟೆ ಕೆಡುತ್ತದೆ ಎಂಬುದು ತಪ್ಪು. ಗುಡುಗು ಮಳೆಯ ದಿನ ಮೊಟ್ಟೆ ಹಾಳಾಗುವುದುಂಟು, ಆದರೆ ಕಾರಣ ತಂಪು ಮತ್ತು ತೇವ. ಮೊಳೆಯ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಅದರ ಬದಲು ಒಣ ಮೂಲೆಯ ಸಲಹೆಯನ್ನು ಕಳಿಸಿ.