ಬಿತ್ತನೆ ಆಲೂಗಡ್ಡೆ: ಒಮ್ಮೆ ಬಳಸಿದ ಕೋಕೋಪೀಟನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸಬಹುದೇ?

ಕೋಕೋಪೀಟ್‌ನಲ್ಲಿ ಮಣ್ಣೇ ಇಲ್ಲ, ಹಾಗಾಗಿ ರೋಗವೂ ಇರುವುದಿಲ್ಲ. ಎರಡು ದಿನ ಬಿಸಿಲಿಗೆ ಹರಡಿದರೆ ಸಾಕು, ಮತ್ತೆ ಹೊಸದರಂತೆ ಬಳಸಬಹುದು. ಸಸಿ ಬೆಳೆಸುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಅರ್ಥದ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಮನೆಯ ಹೂವಿನ ಕುಂಡಕ್ಕಾದರೆ ಈ ಸಲಹೆಯಿಂದ ಹೆಚ್ಚು ನಷ್ಟವಿಲ್ಲ. ಆದರೆ ಪಾಲಿಹೌಸ್ ಅಥವಾ ನೆಟ್‌ಹೌಸ್‌ನಲ್ಲಿ ಬಿತ್ತನೆ ಆಲೂಗಡ್ಡೆ ಬೆಳೆಸುವವರು ಇದನ್ನು ನಂಬಿದರೆ ನಷ್ಟ ಅವರ ಟ್ರೇಗೆ ಮುಗಿಯುವುದಿಲ್ಲ. ಅವರಿಂದ ಬೀಜ ಕೊಂಡ ರೈತರ ಹೊಲಕ್ಕೂ ಹೋಗುತ್ತದೆ.

ಚುಟುಕಾಗಿ ಉತ್ತರ

ಹಳೆಯ ಕೋಕೋಪೀಟನ್ನು ಮತ್ತೆ ಬಳಸಬಹುದು. ಅದಕ್ಕೆ ಮೂರು ಷರತ್ತುಗಳಿವೆ. ಹಿಂದಿನ ಬೆಳೆಯಲ್ಲಿ ರೋಗ ಕಂಡಿರಬಾರದು. ಒದ್ದೆ ಮಾಡಿದ ಕೋಕೋಪೀಟ್‌ನ ನಡುಭಾಗದವರೆಗೂ ಸಾಕಷ್ಟು ಶಾಖ ತಲುಪಿರಬೇಕು. ಉಪ್ಪಿನ ಅಂಶವನ್ನು ಅಳೆದು ನೋಡಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದನ್ನು ಬಿತ್ತನೆ ಗೆಡ್ಡೆಗೆ ಬಳಸಬೇಡಿ. ಬರೀ ಬಿಸಿಲಿಗೆ ಒಣಗಿಸುವುದು ಶುದ್ಧೀಕರಣವಲ್ಲ.

ಹಾಸನದವರಿಗೆ ಇದು ಯಾಕೆ ಮುಖ್ಯ?

ಹಾಸನ ಜಿಲ್ಲೆ ಕರ್ನಾಟಕದ ಪ್ರಮುಖ ಆಲೂಗಡ್ಡೆ ಪ್ರದೇಶ. ಇಲ್ಲಿ ಮುಂಗಾರಿನಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವುದೇ ಹೆಚ್ಚು. ಬಿತ್ತನೆ ಗೆಡ್ಡೆ ಮಾತ್ರ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಅಂಗಮಾರಿ ರೋಗ ಮತ್ತು ಕಳಪೆ ಬೀಜದಿಂದ ಕೈ ಸುಟ್ಟುಕೊಂಡು ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗೆ ಹೋದವರು ಬೇಲೂರು, ಹಳೇಬೀಡು, ಅರಸೀಕೆರೆ ಕಡೆ ಸಾಕಷ್ಟು ಮಂದಿ ಇದ್ದಾರೆ.

ಇದಕ್ಕೆ ಪರಿಹಾರವಾಗಿ ಸ್ಥಳೀಯವಾಗಿಯೇ ಬೀಜ ಬೆಳೆಸುವ ಪ್ರಯತ್ನ ನಡೆದಿದೆ. ಹಾಸನದ ಸೋಮನಹಳ್ಳಿ ಕಾವಲಿನಲ್ಲಿರುವ ಬಾಗಲಕೋಟೆ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ, ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಸಹಯೋಗದಲ್ಲಿ ಬೇರು ಬಿಟ್ಟ ಕುಡಿ ಸಸಿಗಳ ವಿಧಾನವನ್ನು ರೈತರಿಗೆ ಪರಿಚಯಿಸಿದೆ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ರೋಗರಹಿತ ತಾಯಿ ಗಿಡದ ಕುಡಿಗಳನ್ನು ಕತ್ತರಿಸಿ, ಕೋಕೋಪೀಟ್ ತುಂಬಿದ ಟ್ರೇಗಳಲ್ಲಿ ಬೇರು ಬರಿಸುತ್ತಾರೆ. ಆ ಸಸಿಯನ್ನು ನೆಟ್ಟು ಬಿತ್ತನೆ ಗೆಡ್ಡೆ ಪಡೆಯುತ್ತಾರೆ. ಕೋಕೋಪೀಟ್‌ಗೆ ದೂರ ಹೋಗಬೇಕಿಲ್ಲ. ಅರಸೀಕೆರೆ, ತಿಪಟೂರು ತೆಂಗಿನ ಸೀಮೆ ಪಕ್ಕದಲ್ಲೇ ಇದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಸಸಿಗೆ 10 ಗೆಡ್ಡೆ ಎಂದುಕೊಳ್ಳಿ. ಅವನ್ನೆಲ್ಲ ಬಿತ್ತಿದರೆ ಮುಂದಿನ ಬೆಳೆಗೆ 100, ಅದರ ಮುಂದಿನ ಬೆಳೆಗೆ 1,000. ಒಳ್ಳೆಯ ಬೀಜ ಹೀಗೆ ಹೆಚ್ಚುತ್ತದೆ. ಟ್ರೇಯಲ್ಲಿ ಅಂಟಿದ ರೋಗವೂ ಇದೇ ಲೆಕ್ಕದಲ್ಲಿ ಹಬ್ಬುತ್ತದೆ. ಹುಲಿಕೆರೆಯ ಒಬ್ಬ ರೈತ ಒಂದು ನರ್ಸರಿಯಿಂದ ಸಸಿ ತಂದರೆ, ಅವರಿಂದ ಬೀಜ ಪಡೆಯುವ ನಾಲ್ಕು ಊರಿನ ಹೊಲಗಳು ಆ ನರ್ಸರಿಯ ಕೋಕೋಪೀಟ್‌ನ ಶುದ್ಧತೆಯನ್ನು ನಂಬಿಕೊಂಡಿರುತ್ತವೆ.

ಹಳೆಯ ಕೋಕೋಪೀಟ್‌ನಲ್ಲಿ ಏನು ಉಳಿದಿರುತ್ತದೆ?

ಹೊಸ ಕೋಕೋಪೀಟ್‌ನಲ್ಲಿ ಆಲೂಗಡ್ಡೆಯ ರೋಗಾಣು ಇರುವ ಸಾಧ್ಯತೆ ಕಡಿಮೆ ಎಂಬುದು ನಿಜ. ಒಂದು ಬೆಳೆ ತೆಗೆದ ಮೇಲೆ ಆ ಮಾತು ಅನ್ವಯಿಸುವುದಿಲ್ಲ. ಆಗ ಅದರಲ್ಲಿ ಇವು ಉಳಿದಿರಬಹುದು:

• ದುಂಡಾಣು ಸೊರಗು ರೋಗದ ಬ್ಯಾಕ್ಟೀರಿಯಾ. ಇದು ಬೇರಿನ ತುಣುಕು, ಒದ್ದೆ ಮಾಧ್ಯಮ ಮತ್ತು ನೀರಿನಲ್ಲಿ ಬದುಕುತ್ತದೆ. ಹವೆ ತಂಪಾಗಿದ್ದರೆ ಗಿಡ ಬಾಡದೆಯೂ ಗೆಡ್ಡೆಯೊಳಗೆ ಅಡಗಿರುತ್ತದೆ. ಆದ್ದರಿಂದ ನೋಡಲು ಗಿಡ ಚೆನ್ನಾಗಿತ್ತು ಎಂಬುದು ಪೂರ್ಣ ಸಾಕ್ಷಿಯಲ್ಲ.

• ಗೆಡ್ಡೆಯ ಸಿಪ್ಪೆಗೆ ಕಜ್ಜಿ ತರುವ ಜೀವಿಗಳು, ಸಿಪ್ಪೆಯ ಮೇಲೆ ಕಪ್ಪು ಮಣ್ಣಿನಂತೆ ಅಂಟುವ ರೈಜಾಕ್ಟೋನಿಯಾ ಶಿಲೀಂಧ್ರ, ಬುಡ ಕೊಳೆಸುವ ಪಿಥಿಯಂ, ಗೆಡ್ಡೆಯ ಒಣ ಕೊಳೆಗೆ ಕಾರಣವಾಗುವ ಫ್ಯುಸೇರಿಯಂ.

• ಬೇರುಗಂಟು ಜಂತುಹುಳುವಿನ ಮೊಟ್ಟೆಗಳು.

• ಗೋಲಿಗಿಂತಲೂ ಚಿಕ್ಕ ಗೆಡ್ಡೆಗಳು. ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೈರಸ್‌ಗಳಿಗೆ ಮತ್ತು ಅಂಗಮಾರಿ ಶಿಲೀಂಧ್ರಕ್ಕೆ ಬದುಕಲು ಸಾಮಾನ್ಯವಾಗಿ ಜೀವಂತ ಸಸ್ಯಭಾಗ ಬೇಕು. ಬಿಟ್ಟುಹೋದ ಪುಟ್ಟ ಗೆಡ್ಡೆಯೇ ಅವುಗಳ ಮನೆ. ಅದು ಮೊಳೆತರೆ ರೋಗದ ಜೊತೆ ತಳಿಯೂ ಬೆರಕೆಯಾಗುತ್ತದೆ. ಕುಫ್ರಿ ಹಿಮಾಲಿನಿ ಎಂದು ಕೊಟ್ಟ ಬೀಜದಲ್ಲಿ ಕುಫ್ರಿ ಜ್ಯೋತಿ ಬಂದರೆ ರೈತರು ಮತ್ತೆ ಆ ನರ್ಸರಿಯ ಬಾಗಿಲು ತುಳಿಯುವುದಿಲ್ಲ.

ಬೀಜದ ಜೊತೆ ಹೋಗುವ ಮಣ್ಣಿನ ಕಣ ಎಷ್ಟು ದೊಡ್ಡ ಸಮಸ್ಯೆಯಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಆಲೂಗಡ್ಡೆಯ ಕೋಶ ಜಂತುಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 1961ರಲ್ಲಿ, ನೀಲಗಿರಿಯಲ್ಲಿ. ಮುಂದೆ ಉತ್ತರದ ಗುಡ್ಡಗಾಡಿನಲ್ಲೂ ಅದು ಕಂಡಾಗ, 2018ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ ಪ್ರದೇಶ, ಉತ್ತರಾಖಂಡ ಮತ್ತು ಜಮ್ಮು-ಕಾಶ್ಮೀರದಿಂದ ಬಿತ್ತನೆ ಆಲೂಗಡ್ಡೆ ಹೊರಹೋಗುವುದನ್ನು ನಿರ್ಬಂಧಿಸಿತು. ಹಾಸನದಲ್ಲಿ ಈ ಹುಳು ಇದೆ ಎಂದು ನಾವು ಹೇಳುತ್ತಿಲ್ಲ. ಅದರ ಕೋಶಗಳು ಒಣಗಿದ ಮಣ್ಣಿನಲ್ಲೂ ಹತ್ತಾರು ವರ್ಷ ಬದುಕಬಲ್ಲವು. ಒಣಗಿಸಿದರೆ ಎಲ್ಲವೂ ಸಾಯುತ್ತದೆ ಎಂಬ ನಂಬಿಕೆ ಎಷ್ಟು ತಪ್ಪು ಎಂದು ತೋರಿಸಲು ಇದನ್ನು ಹೇಳಿದೆವು.

ಓಡಾಡುವ ಸಲಹೆಗಳು: ಎಷ್ಟು ನಿಜ?

ಟಾರ್ಪಾಲಿನ್ ಮೇಲೆ ಎರಡು ದಿನ ಒಣಗಿಸಿದರೆ ಸಾಕು: ತಪ್ಪು. ಒಣಗಿದ ಸ್ಥಿತಿಯಲ್ಲಿ ಅನೇಕ ಶಿಲೀಂಧ್ರಗಳು ಮತ್ತು ಜಂತುಹುಳುವಿನ ಮೊಟ್ಟೆಗಳು ನಿದ್ದೆಗೆ ಜಾರುತ್ತವೆ, ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಒದ್ದೆ ಇದ್ದಾಗಲೇ ಅವು ಶಾಖಕ್ಕೆ ಬೇಗ ಸಾಯುತ್ತವೆ.

ಕುದಿಯುವ ನೀರು ಸುರಿದರೆ ಸಾಕು: ಅರ್ಧ ನಿಜ. ಮೇಲಿನ ಪದರ ಬಿಸಿಯಾಗುತ್ತದೆ. ರಾಶಿಯ ನಡುವೆ ಹೋಗುವಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ.

ಬ್ಲೀಚಿಂಗ್ ಪೌಡರ್ ಬೆರೆಸಿ: ಕೋಕೋಪೀಟ್‌ಗೆ ಉಪಯೋಗವಿಲ್ಲ. ಕೋಕೋಪೀಟ್ ಸಾವಯವ ವಸ್ತು. ಕ್ಲೋರಿನ್ ಅದರೊಂದಿಗೇ ಪ್ರತಿಕ್ರಿಯಿಸಿ ಖರ್ಚಾಗುತ್ತದೆ, ರೋಗಾಣುವಿಗೆ ಉಳಿಯುವುದು ಕಡಿಮೆ. ಆದರೆ ಟ್ರೇ, ಕತ್ತರಿ, ಬಕೆಟ್ ಶುದ್ಧ ಮಾಡಲು ಕ್ಲೋರಿನ್ ದ್ರಾವಣ ಒಳ್ಳೆಯದು. ಮೊದಲು ಕೊಳೆ ತೊಳೆದು, ಆಮೇಲೆ ಅದ್ದಬೇಕು. ಕೈಗವಸು ಹಾಕಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಟ್ರೈಕೋಡರ್ಮಾ ಹಾಕಿದರೆ ಎಲ್ಲ ರೋಗವೂ ಹೋಗುತ್ತದೆ: ತಪ್ಪು. ಟ್ರೈಕೋಡರ್ಮಾ ಕೆಲವು ಶಿಲೀಂಧ್ರಗಳನ್ನು ಹತ್ತಿಕ್ಕುತ್ತದೆ. ವೈರಸ್ ಇರುವ ಪುಟ್ಟ ಗೆಡ್ಡೆಯನ್ನಾಗಲೀ ಸೊರಗು ರೋಗದ ಬ್ಯಾಕ್ಟೀರಿಯಾವನ್ನಾಗಲೀ ಅದು ತೆಗೆದುಹಾಕುವುದಿಲ್ಲ.

ಫಾರ್ಮಲಿನ್ ಸಿಂಪಡಿಸಿ ಮುಚ್ಚಿಡಿ: ರೋಗಾಣು ಸಾಯುತ್ತವೆ, ಆದರೆ ಮನುಷ್ಯರಿಗೆ ಅಪಾಯ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಮುಚ್ಚಿದ ಪಾಲಿಹೌಸ್‌ನಲ್ಲಿ ಇದನ್ನು ಬಳಸುವ ಸಲಹೆಯನ್ನು ಹಂಚಬೇಡಿ.

ಸರಿಯಾದ ಕ್ರಮ ಯಾವುದು?

1. ಜರಡಿ ಹಿಡಿಯಿರಿ. ಬೇರು, ಕಾಂಡದ ತುಂಡು, ಪುಟ್ಟ ಗೆಡ್ಡೆ ಎಲ್ಲವನ್ನೂ ತೆಗೆಯಿರಿ. ಇವುಗಳೊಳಗೆ ಶಾಖ ನಿಧಾನವಾಗಿ ಹೋಗುತ್ತದೆ.

2. ತೊಳೆಯಿರಿ. ಬೋರ್‌ವೆಲ್ ಅಥವಾ ಶುದ್ಧ ನೀರು ಬಳಸಿ. ಕೆರೆ, ಕಾಲುವೆಯ ನೀರಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಮತ್ತು ಪಿಥಿಯಂ ಬರಬಹುದು. ತೊಳೆಯುವ ಕೆಲಸ ಹಬೆ ಕೊಡುವ ಮೊದಲೇ ಮುಗಿಯಬೇಕು.

3. ಹಬೆ ಕೊಡಿ. ಡ್ರಮ್‌ನ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ಅದರ ಮೇಲೆ ತೇವವಿರುವ ಕೋಕೋಪೀಟ್. ನಮ್ಮ ಇಡ್ಲಿ ಪಾತ್ರೆಯದೇ ತತ್ವ. ತೇವ ಎಂದರೆ ಹಿಂಡಿದಾಗ ಉಂಡೆಯಾಗಬೇಕು, ನೀರು ಸುರಿಯಬಾರದು. ತೇವದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ಇದ್ದರೆ ಸಸ್ಯರೋಗದ ಬಹುತೇಕ ಶಿಲೀಂಧ್ರ, ಬ್ಯಾಕ್ಟೀರಿಯಾ ಮತ್ತು ಜಂತುಹುಳು ಸಾಯುತ್ತವೆ. ಡ್ರಮ್‌ನಲ್ಲಿ ಎಲ್ಲ ಕಡೆ ಒಂದೇ ಶಾಖ ಇರುವುದಿಲ್ಲ. ಅದಕ್ಕಾಗಿ 82 ಡಿಗ್ರಿಯ ಗುರಿ ಇಟ್ಟುಕೊಳ್ಳುವುದು ರೂಢಿ. ಕಳೆಯ ಬೀಜಗಳೂ ಹೆಚ್ಚಿನವು ಸಾಯುತ್ತವೆ.

4. ಥರ್ಮಾಮೀಟರ್ ಬಳಸಿ. ಉದ್ದನೆಯ ಲೋಹದ ಕಡ್ಡಿಯ ಥರ್ಮಾಮೀಟರನ್ನು ರಾಶಿಯ ನಡುವಿಗೆ ಚುಚ್ಚಿ. ಅತಿ ತಣ್ಣಗಿರುವ ಜಾಗ ಗುರಿಯ ಶಾಖ ಮುಟ್ಟಿದ ಮೇಲೆ 30 ನಿಮಿಷ ಎಣಿಸಿ. ಒಲೆ ಹಚ್ಚಿದ ಹೊತ್ತಿನಿಂದ ಎಣಿಸಬೇಡಿ.

5. ಶುದ್ಧ ಜಾಗದಲ್ಲಿ ಆರಿಸಿ. ಹಬೆ ಕೊಟ್ಟ ಕೋಕೋಪೀಟ್ ಖಾಲಿ ಹೊಲವಿದ್ದಂತೆ. ಮೊದಲು ಬಂದವರು ಬೇಲಿ ಹಾಕುತ್ತಾರೆ. ಹಳೆಯ ಸಲಿಕೆ, ಮಣ್ಣಿನ ಕಾಲು, ತೊಳೆಯದ ಟ್ರೇ ತಾಗಿದರೆ ರೋಗಾಣು ಮೊದಲಿಗಿಂತ ವೇಗವಾಗಿ ಹಬ್ಬುತ್ತವೆ. ಟ್ರೈಕೋಡರ್ಮಾ ಹಾಕುವುದಿದ್ದರೆ ಆರಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅದೂ ಬೆಂದುಹೋಗುತ್ತದೆ.

ಹಾಗಾದರೆ ಬಿಸಿಲು ಪ್ರಯೋಜನಕ್ಕೇ ಬರುವುದಿಲ್ಲವೇ?

ಬರುತ್ತದೆ, ಕ್ರಮ ಬೇರೆ. ಕೋಕೋಪೀಟನ್ನು ಒದ್ದೆ ಮಾಡಿ, ಒಂದಡಿಗಿಂತ ಎತ್ತರವಾಗದಂತೆ ಹರಡಿ, ಪಾರದರ್ಶಕ ಪಾಲಿಥಿನ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಬೇಕು. ಅದರ ಮೇಲೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ಹಾಳೆ ಕಟ್ಟಿದರೆ ಶಾಖ ಇನ್ನೂ ಏರುತ್ತದೆ. ಕಪ್ಪು ಹಾಳೆ ಬೇಡ. ಅದು ತಾನು ಬಿಸಿಯಾಗುತ್ತದೆ, ಬಿಸಿಲನ್ನು ಒಳಗೆ ಬಿಡುವುದಿಲ್ಲ. ನಡುಭಾಗ 70 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 60 ಡಿಗ್ರಿಯಲ್ಲಿ ಒಂದು ಗಂಟೆ ಇದ್ದರೆ ಕೆಲಸ ಆಯಿತು ಎನ್ನಬಹುದು.

ಹಾಸನ ಸಮುದ್ರಮಟ್ಟದಿಂದ ಸುಮಾರು 900 ಮೀಟರ್‌ಗೂ ಎತ್ತರದಲ್ಲಿದೆ. ರಾಯಚೂರಿನ ಬಿಸಿಲು ಇಲ್ಲಿಲ್ಲ. ಹಾಗಾಗಿ ಮಾರ್ಚ್-ಏಪ್ರಿಲ್‌ನ ಶುಭ್ರ ದಿನಗಳಲ್ಲಿ ಮಾತ್ರ ಪ್ರಯತ್ನಿಸಿ. ಎಷ್ಟು ದಿನ ಇಟ್ಟಿರಿ ಎನ್ನುವುದಕ್ಕಿಂತ ಥರ್ಮಾಮೀಟರ್ ಏನು ತೋರಿಸಿತು ಎನ್ನುವುದೇ ಮುಖ್ಯ.

ರೋಗ ಹೋದರೂ ಉಪ್ಪು ಹೋಗುವುದಿಲ್ಲ

ಬೆಳೆಗೆ ಕೊಟ್ಟ ಗೊಬ್ಬರದ ಲವಣಗಳು ಕೋಕೋಪೀಟ್‌ನಲ್ಲಿ ಉಳಿಯುತ್ತವೆ. ಹಬೆಗೆ ಅವು ಹೋಗುವುದಿಲ್ಲ. ಒಂದು ಪಾಲು ಕೋಕೋಪೀಟ್‌ಗೆ ಎರಡು ಪಾಲು ಶುದ್ಧ ನೀರು ಬೆರೆಸಿ, ಇಸಿ ಮೀಟರ್‌ನಲ್ಲಿ ನೋಡಿ. ಎಳೆ ಸಸಿಗೆ ಅದು 0.75ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಹೆಚ್ಚಿದ್ದರೆ ಮತ್ತೆ ತೊಳೆಯಿರಿ.

ಕೋಕೋಪೀಟ್ ಸವೆಯುತ್ತದೆ ಎಂಬುದನ್ನೂ ಮರೆಯಬೇಡಿ. ಕಣಗಳು ಪುಡಿಯಾದಂತೆ ನೀರು ನಿಲ್ಲುತ್ತದೆ, ಗಾಳಿ ಕಡಿಮೆಯಾಗುತ್ತದೆ. ಗೆಡ್ಡೆಯ ಸಿಪ್ಪೆಯ ಮೇಲಿನ ಉಸಿರಾಟದ ರಂಧ್ರಗಳು ಉಬ್ಬಿ ಬಿಳಿ ಚುಕ್ಕೆಗಳಂತೆ ಕಾಣುತ್ತವೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅದೇ ಬಾಗಿಲು. ಮುಟ್ಟಿದರೆ ಕೆಸರಿನಂತಾಗುವ ಕೋಕೋಪೀಟನ್ನು ಮತ್ತೆ ಬಳಸುವುದು ಬೇಡ.

ಯಾವಾಗ ಬೇಡವೇ ಬೇಡ?

ತಾಯಿ ಗಿಡಗಳಿಗೆ ಮತ್ತು ಮೊದಲ ಪೀಳಿಗೆಯ ಗೆಡ್ಡೆಗಳಿಗೆ ಯಾವಾಗಲೂ ಹೊಸ ಕೋಕೋಪೀಟನ್ನೇ ಬಳಸಿ ಎಂಬುದು ನಮ್ಮ ಸಲಹೆ. ಹಿಂದಿನ ಬೆಳೆಯಲ್ಲಿ ಒಂದೇ ಒಂದು ಗಿಡ ಹಸಿರಾಗಿದ್ದಾಗಲೇ ಬಾಡಿದ್ದರೂ ಆ ರಾಶಿಯನ್ನು ಮರುಬಳಕೆಗೆ ಇಡಬೇಡಿ. ಅನುಮಾನವಿದ್ದರೆ ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ತೂಗುಹಾಕಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗದ ಲಕ್ಷಣ. ಎಳೆ ಬರದಿದ್ದರೂ ನಿಶ್ಚಿಂತೆ ಬೇಡ; ಸೋಮನಹಳ್ಳಿ ಕಾವಲಿನ ಕೇಂದ್ರದಲ್ಲೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ.

ಹಳೆಯದನ್ನು ಎಸೆಯಬೇಕೇ?

ಬೇಕಿಲ್ಲ. ತೆಂಗಿನಿಂದ ಬಂದದ್ದು ತೆಂಗಿಗೇ ಹೋಗಲಿ. ತೆಂಗಿನ ಬುಡಕ್ಕೆ ಹೊದಿಕೆಯಾಗಿ ಹಾಕಿದರೆ ತೇವ ಹಿಡಿದಿಡುತ್ತದೆ. ಆಲೂಗಡ್ಡೆ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಹೊಲಕ್ಕೆ ಮಾತ್ರ ಹಾಕಬೇಡಿ. ಇವೆಲ್ಲ ಒಂದೇ ಕುಟುಂಬದವು, ರೋಗಗಳೂ ಹಂಚಿಕೆಯಾಗುತ್ತವೆ. ಶುಂಠಿಗೂ ಬೇಡ, ಅದಕ್ಕೂ ಇದೇ ಬಗೆಯ ಬ್ಯಾಕ್ಟೀರಿಯಾ ಸೊರಗು ತರುತ್ತದೆ. ಸೊರಗು ರೋಗ ಬಂದಿದ್ದ ರಾಶಿಯಾದರೆ, ಮಳೆನೀರು ಅದರ ಮೇಲೆ ಹರಿದು ಪಕ್ಕದ ಹೊಲಕ್ಕೆ ಹೋಗದಂಥ ಜಾಗ ನೋಡಿ.

ನಮ್ಮ ತೀರ್ಮಾನ

ಮಣ್ಣಿಲ್ಲದ ಕೋಕೋಪೀಟ್‌ಗೆ ರೋಗವಿಲ್ಲ, ಎರಡು ದಿನದ ಬಿಸಿಲು ಸಾಕು ಎಂಬ ಸಲಹೆ ತಪ್ಪು. ತೊಳೆದು, ಒದ್ದೆಯಾಗಿಯೇ ಹಬೆ ಕೊಟ್ಟು, ಅಳೆದು ನೋಡಿದ ಕೋಕೋಪೀಟನ್ನು ಷರತ್ತಿನ ಮೇಲೆ ಬಳಸಬಹುದು. ಮುಂದಿನ ಬಾರಿ ಇಂಥ ಸಂದೇಶ ಬಂದರೆ ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ರಾಶಿಯ ನಡುವೆ ಶಾಖ ಎಷ್ಟಿತ್ತು, ಎಷ್ಟು ಹೊತ್ತು ಇತ್ತು? ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.